ಕೆಳಗೆ ಬಗ್ಗಿ ನೋಡು, ತಂಗಿ

ನಿನ್ನ ಪ್ರಶ್ನೆ ಓದಿದೆ. ಕುಮಟಾದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಐದು ತಿಂಗಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಬಸ್ಸು ತಪ್ಪಿದರೆ ನಡೆದೇ ಮನೆ. ವಯಸ್ಸು 23, ಕೈಯಲ್ಲಿ 2,500 ಪೌಂಡ್. ಯಾವ ಕಾರು ತಗೊಳ್ಳಲಿ, ಡೀಸೆಲ್ ಆಗಬಹುದಾ, ಊರಿನ ಲೈಸೆನ್ಸ್ ನಡೆಯುತ್ತದಾ, ದೊಡ್ಡಪ್ಪನ ಮಗನ ಹೆಸರಲ್ಲಿ ಇನ್ಶೂರೆನ್ಸ್ ಮಾಡಿಸಿದರೆ ಅಗ್ಗವಂತೆ ಹೌದಾ ಅಂತ ಕೇಳಿದ್ದೀಯ.

ಲೈಸೆನ್ಸ್ ವಿಷಯ ಸುಲಭ. ಇಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ಊರಿನ ಲೈಸೆನ್ಸ್ ನಡೆಯುತ್ತದೆ. ಆಮೇಲೆ ಇಲ್ಲಿಯ ಪರೀಕ್ಷೆ ಪಾಸಾಗಲೇಬೇಕು. ಪರೀಕ್ಷೆಗೆ ದಿನ ಸಿಗುವುದು ಬಹಳ ತಡ. ಪ್ರೊವಿಷನಲ್ ಲೈಸೆನ್ಸಿಗೆ, ಅಂದರೆ ಇಲ್ಲಿಯ ಕಲಿಕೆಯ ಲೈಸೆನ್ಸಿಗೆ, ಇವತ್ತೇ ಅರ್ಜಿ ಹಾಕು.

ಡೀಸೆಲ್ ಬೇಡ. ಮನೆಯಿಂದ ಆಸ್ಪತ್ರೆಗೆ ನಾಲ್ಕು ಮೈಲಿ ಓಡಿಸಿದರೆ ಅದರ ಹೊಗೆಯ ಫಿಲ್ಟರ್ ಮಸಿ ಕಟ್ಟಿ ಕೂರುತ್ತದೆ. ಸಣ್ಣ ಪೆಟ್ರೋಲ್ ಕಾರು ಸಾಕು, ಒಂದು ಲೀಟರಿನಿಂದ 1.2ರ ಒಳಗಿನ ಎಂಜಿನ್. ಯಾರಿಸ್, ಜಾಝ್, ಐ10 ಇವುಗಳಲ್ಲಿ ಯಾವುದಾದರೂ ಸರಿ. ಮೊದಲ ತಲೆಮಾರಿನ ಐ10 ನಮ್ಮ ಚೆನ್ನೈಯಲ್ಲೇ ತಯಾರಾಗಿ ಹಡಗಿನಲ್ಲಿ ಇಲ್ಲಿಗೆ ಬಂದದ್ದು. ಇಲ್ಲಿಯ ರಸ್ತೆಯಲ್ಲಿ ಅದನ್ನು ಕಂಡಾಗ ನನಗೆ ಈಗಲೂ ಊರಿನವರು ಸಿಕ್ಕ ಹಾಗೆ ಆಗುತ್ತದೆ.

ಇನ್ಶೂರೆನ್ಸ್ ಮಾತ್ರ ಸರಿಯಾಗಿ ಕೇಳಿಕೋ. 2,500 ಪೂರ್ತಿ ಕಾರಿಗೆ ಸುರಿಯಬೇಡ. ನಿನ್ನ ವಯಸ್ಸಿಗೆ ಮೊದಲ ವರ್ಷದ ಇನ್ಶೂರೆನ್ಸ್ ಕೆಲವೊಮ್ಮೆ ಕಾರಿನ ಬೆಲೆಯ ಹತ್ತಿರ ಬರುತ್ತದೆ. ಕಾರುಗಳನ್ನು 1ರಿಂದ 50ರವರೆಗೆ ಗುಂಪು ಮಾಡಿದ್ದಾರೆ, 1 ಅಗ್ಗ. ಕಾರು ನೋಡಲು ಹೋಗುವ ಮೊದಲೇ ಅದರ ನಂಬರ್ ಹಾಕಿ ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ನೋಡು. ನೀನು ಹೇಗೆ ಓಡಿಸುತ್ತೀ ಅಂತ ಕಂಪನಿಗೆ ತಿಳಿಸುವ ಬ್ಲ್ಯಾಕ್ ಬಾಕ್ಸ್ ಕಾರಿನಲ್ಲಿ ಇಟ್ಟರೆ ಕಡಿಮೆ ಆಗಬಹುದು. ಆದರೆ ಕೆಲವು ಕಂಪನಿಗಳು ರಾತ್ರಿ ಓಡಿಸಿದ್ದನ್ನೂ ಲೆಕ್ಕ ಹಿಡಿಯುತ್ತವೆ. ನಿನ್ನದು ರಾತ್ರಿ ಪಾಳಿ, ಮೊದಲೇ ಕೇಳು. ದೊಡ್ಡಪ್ಪನ ಮಗ ಹೇಳಿದ್ದಕ್ಕೆ ಮಾತ್ರ ಒಪ್ಪಬೇಡ. ದಿನಾ ಓಡಿಸುವವಳು ನೀನು, ಕಾಗದದಲ್ಲಿ ಮುಖ್ಯ ಚಾಲಕ ಅವನು ಅಂದರೆ ಇಲ್ಲಿ ಅದು ವಂಚನೆ. ಸಿಕ್ಕಿಬಿದ್ದರೆ ಪಾಲಿಸಿ ರದ್ದು. ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕಕ್ಕೆ ಆರು ಪಾಯಿಂಟ್. ಪರೀಕ್ಷೆ ಪಾಸಾದ ಎರಡು ವರ್ಷದೊಳಗೆ ಆರು ಪಾಯಿಂಟ್ ಬಿದ್ದರೆ ಲೈಸೆನ್ಸೇ ಹೋಗುತ್ತದೆ. ಊರಲ್ಲಿ ಮನೆಯ ಯಾರ ಹೆಸರಲ್ಲಿ ಇದ್ದರೂ ಗಾಡಿ ಗಾಡಿಯೇ ಅಲ್ವಾ? ಇಲ್ಲಿ ಹಾಗಲ್ಲ.

ಈಗ ನೀನು ಕೇಳದೇ ಇದ್ದದ್ದನ್ನು ಹೇಳುತ್ತೇನೆ.

ನಾನು ಇಲ್ಲಿಗೆ ಬಂದದ್ದು 2006ರ ನವೆಂಬರಿನಲ್ಲಿ. ಫೆಬ್ರವರಿಗೆ 900 ಪೌಂಡ್ ಕೂಡಿಸಿ ಒಂದು ಸಣ್ಣ ಕಾರು ಕೊಂಡೆ. ಸಂಜೆ, ತುಂತುರು ಮಳೆ. ಬಣ್ಣ ಹೊಳೆಯುತ್ತಿತ್ತು, ಎಂಜಿನ್ ಶಬ್ದ ಚಂದ ಇತ್ತು. ಐದು ವಾರದಲ್ಲಿ ಎಂಒಟಿ ಬಂತು. ಮೂರು ವರ್ಷ ದಾಟಿದ ಕಾರಿಗೆಲ್ಲ ಇಲ್ಲಿ ಪ್ರತಿ ವರ್ಷ ಆ ತಪಾಸಣೆ ಆಗಬೇಕು. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ಬಾಗಿಲ ಕೆಳಗಿನ ತಗಡನ್ನು ಸ್ಕ್ರೂಡ್ರೈವರಿನಿಂದ ಒತ್ತಿದ. ಹಲಸಿನ ಹಪ್ಪಳದ ಹಾಗೆ ಮುರಿದು ಒಳಗೆ ಹೋಯಿತು. ಅಡಿ ಪೂರ್ತಿ ತುಕ್ಕು. ವೆಲ್ಡಿಂಗ್ ಖರ್ಚು ಕಾರಿನ ಬೆಲೆಗೇ ಬಂತು. ಗುಜರಿಗೆ ಹಾಕಿದೆ, 80 ಪೌಂಡ್ ಸಿಕ್ಕಿತು.

ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲಿ ಅಂತ ಇಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಕಂದು ಬಣ್ಣದ ಕಲ್ಲುಪ್ಪು. ಅದು ಚಕ್ರದಿಂದ ಸಿಡಿದು ಅಡಿಗೆ ಅಂಟಿ ಕಬ್ಬಿಣ ತಿನ್ನುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರ ನೋಡಿ ಬೆಳೆದವಳು ನೀನು, ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆ ಅಂತ ನಿನಗೆ ಗೊತ್ತು.

ನನಗೂ ಗೊತ್ತಿತ್ತು. ಅದೇ ನನ್ನ ನೋವು. ನನ್ನ ಅಪ್ಪ ಅಂಕೋಲೆಯವರು. ಕಾರವಾರದ ಬೈತಖೋಲದಿಂದ ಅರಬೈಲು ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಟೆಂಪೋದಲ್ಲಿ ಮೀನು ಸಾಗಿಸುತ್ತಿದ್ದರು. ಪೆಟ್ಟಿಗೆಯ ಉಪ್ಪುನೀರು ದಾರಿಯುದ್ದ ಗಾಡಿಯ ಅಡಿಗೆ ಸೋರುತ್ತಿತ್ತು. ಪ್ರತಿ ವರ್ಷ ಬಂಡಿಹಬ್ಬ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಅಪ್ಪ ಗೋಣಿ ಹಾಸಿ ಗಾಡಿಯ ಕೆಳಗೆ ಮಲಗುತ್ತಿದ್ದರು. ಸ್ಪ್ಯಾನರಿನಿಂದ ಚಾಸಿಗೆ ಬಡಿದು ಕಿವಿಗೊಡುತ್ತಿದ್ದರು. ಠಣ್ ಅಂದರೆ ಗಟ್ಟಿ, ಠಪ್ ಅಂದರೆ ಒಳಗೆ ತುಕ್ಕು. ಆಮೇಲೆ ಹಳೆ ಎಂಜಿನ್ ಆಯಿಲ್ ಬಳಿಯುವುದು. ಆಯಿಲಿನ ಡಬ್ಬ ಹಿಡಿದು ನಿಲ್ಲುತ್ತಿದ್ದವನು ನಾನೇ.

ಆ ಸಂಜೆ ಕಾರು ಮಾರುವವನ ಎದುರು ಒದ್ದೆ ನೆಲಕ್ಕೆ ಮೊಣಕಾಲೂರಲು ನನಗೆ ನಾಚಿಕೆಯಾಯಿತು. ಹೊಸ ಕೋಟು ಹಾಕಿದ್ದೆ. ಮೀನು ಟೆಂಪೋದವನ ಮಗ ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಕಿರಲಿಲ್ಲ. ಕಾರು ಹೋಯಿತು ಅಂತ ಫೋನಿನಲ್ಲಿ ಹೇಳಿದಾಗ ಅಪ್ಪ ಬೈಯಲಿಲ್ಲ. "ಕೆಳಗೆ ಬಗ್ಗಿ ನೋಡಿದ್ಯಾ?" ಅಂತ ಒಂದೇ ಮಾತು ಕೇಳಿದರು. "ನೋಡಿದ್ದೆ" ಅಂದೆ. ಹಾಗಾದರೆ ತಗಡೇ ಕೆಟ್ಟದ್ದು, ನಿನ್ನ ತಪ್ಪಲ್ಲ ಅಂತ ಅವರೇ ನನಗೆ ಸಮಾಧಾನ ಹೇಳಿದರು. ಆಮೇಲೆ ಎಷ್ಟು ಸಲ ಊರಿಗೆ ಹೋದೆ. ಜಗಲಿಯಲ್ಲಿ ಜೊತೆಗೆ ಕೂತು ಚಹಾ ಕುಡಿದೆವು. ಆ ಸುಳ್ಳನ್ನು ಸರಿ ಮಾಡಲೇ ಇಲ್ಲ. ಈಗ ಅವರಿಲ್ಲ.

ಹಾಗಾಗಿ ತಂಗಿ, ಕಾರಿನ ನಂಬರ್ ಸಿಕ್ಕ ಕೂಡಲೇ ಸರಕಾರದ ವೆಬ್‌ಸೈಟಿನಲ್ಲಿ ಎಂಒಟಿ ಇತಿಹಾಸ ತೆಗೆ. ದುಡ್ಡು ಕೊಡಬೇಕಾಗಿಲ್ಲ. ಯಾವ ವರ್ಷ ಫೇಲಾಯಿತು, ಎಷ್ಟು ಮೈಲಿ ಓಡಿತ್ತು, ಎಲ್ಲಿ ತುಕ್ಕು ಕಂಡಿತು, ಎಲ್ಲ ಇರುತ್ತದೆ. 'ಕರೋಷನ್', ಅಂದರೆ ತುಕ್ಕು, ಅನ್ನುವ ಪದ ವರ್ಷ ವರ್ಷವೂ ಬಂದರೆ ಆ ಕಾರು ಬಿಡು. ಮಾರುವವರ ಹತ್ತಿರ ವಿ5ಸಿ ಲಾಗ್‌ಬುಕ್, ಅಂದರೆ ಕಾರಿನ ನೋಂದಣಿ ಕಾಗದ, ಇಲ್ಲದಿದ್ದರೂ ಬಿಡು. ಹಳೆ ಮಾಲೀಕರು ಕಟ್ಟಿದ ರೋಡ್ ಟ್ಯಾಕ್ಸ್ ನಿನಗೆ ಬರುವುದಿಲ್ಲ. ನೀನೇ ಕಟ್ಟಿ ಓಡಿಸಿಕೊಂಡು ಬರಬೇಕು.

ನೋಡಲು ಹಗಲಲ್ಲಿ ಹೋಗು, ಮಳೆ ಇಲ್ಲದ ದಿನ. ಶನಿವಾರ ಆದರೆ ನಾನೂ ಬರುತ್ತೇನೆ. ಟಾರ್ಚ್ ನಾನು ತರುತ್ತೇನೆ. ನೆಲಕ್ಕೆ ಹಾಸಲು ಒಂದು ಹಳೆ ಟವೆಲ್ ನೀನು ತಾ.