ಮೊದಲ ಪ್ಯಾರಾದಲ್ಲೇ ಮೂರು ವಾರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನನ್ನ ಬಳಿ ಸಲಹೆಗೆ ಬಂದವರು ದಾವಣಗೆರೆಯ 26ರ ಯುವತಿ. ಊರಿನ ಮಂಡಕ್ಕಿ ಭಟ್ಟಿಗಳ ಬಗ್ಗೆ ಲೇಖನ ಬರೆಯಲು ಕೂತು ಮೂರು ವಾರವಾಗಿತ್ತು. ನೋಟ್‌ಬುಕ್ಕಿನಲ್ಲಿ 11 ಆರಂಭಗಳು, ಎರಡನೇ ಪ್ಯಾರಾ ಒಂದೂ ಇಲ್ಲ. ನಿದ್ದೆ ಕೆಟ್ಟಿತ್ತು. "ಬರೀತೀನಿ, ಓದ್ತೀನಿ, ಹೊಡೆದು ಹಾಕ್ತೀನಿ. ಮುಂದಕ್ಕೇ ಹೋಗಲ್ಲ ಮೇಡಂ."

ಮನೆಯವರು ಇದನ್ನು ಸೋಮಾರಿತನ ಅಂದಿದ್ದರು. ಅಲ್ಲ. ಬರೆಯುವ ಕೈ, ತಿದ್ದುವ ಕಣ್ಣು ಎರಡೂ ಒಟ್ಟಿಗೆ ಕೆಲಸಕ್ಕೆ ಇಳಿದಿದ್ದವು. ಜೊತೆಗೆ, ಲೇಖನ ಏನು ಹೇಳುತ್ತದೆಂದು ಗೊತ್ತಾಗುವ ಮೊದಲೇ ಅದಕ್ಕೆ ಬಾಗಿಲು ಇಡಲು ಹೊರಟಿದ್ದರು.

11ರಲ್ಲಿ ಏಳು ಆರಂಭಗಳು ಬೆಣ್ಣೆದೋಸೆ, ಹತ್ತಿ ಗಿರಣಿ, 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾದ ಜಿಲ್ಲೆ ಎಂದೇ ಶುರು. ಎಲ್ಲವೂ ನಿಜ, ಆದರೆ ದಾವಣಗೆರೆಯ ಯಾವ ಲೇಖನಕ್ಕೂ ಅಂಟಿಸಬಹುದು. ಅಂಥದ್ದನ್ನು ತೆಗೆಯಲೇಬೇಕು. ಎರಡು "ಮಂಡಕ್ಕಿ ಯಾರಿಗೆ ಇಷ್ಟವಿಲ್ಲ?" ಎಂಬ ಜಾತಿಯವು; ಓದುಗ ಮನಸ್ಸಲ್ಲೇ ಉತ್ತರ ಹೇಳಿ ಪುಟ ತಿರುಗಿಸುತ್ತಾನೆ.

ಕೊಟ್ಟ ಸಲಹೆ: ಒಂದು ವಾರ ಆರಂಭವನ್ನು ಮುಟ್ಟಬೇಡಿ. ದಿನಕ್ಕೆ 20 ನಿಮಿಷ, ಭಟ್ಟಿಯಲ್ಲಿ ಕಂಡದ್ದನ್ನು ನಡುವಿನಿಂದಲೇ ಬರೆಯಿರಿ; ಪೆನ್ನಿನಲ್ಲೇ, ಅಳಿಸುವ ಹಾಗಿಲ್ಲ. ಮುಗಿದ ಮೇಲೆ ಅದೇ ಸಂಗತಿಯನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿ. ಮೊದಲು ಬಾಯಿಗೆ ಬಂದದ್ದನ್ನು ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ ಆರಂಭ ಅಲ್ಲೇ ಇರುತ್ತದೆ, ಇಲ್ಲವಾದರೆ ಕರಡಿನ ಮೂರನೇ ಪ್ಯಾರಾದಲ್ಲಿ ಅಡಗಿರುತ್ತದೆ. ಆರಂಭ 40 ಪದ ದಾಟದಿರಲಿ.

ಎರಡನೇ ಭೇಟಿಗೆ ತಂದದ್ದು ಇದು: "ಕಾದ ಮರಳಿಗೆ ಬಿದ್ದ ಅಕ್ಕಿ ಅರಳಲು ಕೆಲವು ಕ್ಷಣ ಸಾಕು. ಅದಕ್ಕೂ ಮುಂಚೆ ಭತ್ತ ನೆನೆಯಬೇಕು, ಬೇಯಬೇಕು, ಒಣಗಬೇಕು. ಅಕ್ಕಿಯಾದ ಮೇಲೆ ಉಪ್ಪು ಹಿಡಿಯಬೇಕು. ಅಂಗಳದಲ್ಲಿ ಭತ್ತ ಹರವಿದ ದಿನವೇ ಮೋಡ ಕವಿದರೆ ಭಟ್ಟಿಯವರ ಲೆಕ್ಕವೆಲ್ಲ ತಲೆಕೆಳಗು. ಇದು ನಿಜಕ್ಕೂ ಅದ್ಭುತ ಲೋಕ."

ಕೊನೆಯ ವಾಕ್ಯ ಹೊಡೆಸಿದೆ. ಅದ್ಭುತ ಹೌದೋ ಅಲ್ಲವೋ ಓದುಗ ಹೇಳಲಿ. ಇನ್ನೊಂದು ತೊಡಕೂ ಇತ್ತು: ಆರಂಭ ಮೋಡದ ಆತಂಕ ಹುಟ್ಟಿಸುತ್ತದೆ, ಲೇಖನದ ಒಡಲಿನಲ್ಲಿ ಮಳೆಗಾಲದ ಮಾತೇ ಇಲ್ಲ. ಒಂದೋ ಮೋಡ ಬಿಡಿ, ಇಲ್ಲವೇ ಭಟ್ಟಿಗೆ ಮತ್ತೊಮ್ಮೆ ಹೋಗಿ ಕೇಳಿ ಬನ್ನಿ ಎಂದೆ. ಹೋಗಿ ಬಂದರು; ಲೇಖನಕ್ಕೆ ಎರಡು ಪ್ಯಾರಾ ಹೆಚ್ಚಾಯಿತು. ನಿದ್ದೆಯ ತೊಂದರೆ ಇನ್ನೂ ಪೂರ್ತಿ ಹೋಗಿಲ್ಲ. ರಾತ್ರಿ ಒಂಬತ್ತರ ಮೇಲೆ ನೋಟ್‌ಬುಕ್ ತೆರೆಯಬಾರದೆಂದು ಹೇಳಿ, ಹದಿನೈದು ದಿನ ಬಿಟ್ಟು ಬರಹೇಳಿದ್ದೇನೆ.