ಒಂದೇ ಕೋಡ್ ಇದ್ದರೂ ಅರಿವಳಿಕೆ ಬಿಲ್ ಇಬ್ಬರಿಗೆ ಬೇರೆ ಬೇರೆ ಏಕೆ?

ಕೋಡ್ ಎಂದರೆ ಬಿಲ್‌ನಲ್ಲಿ ಯಾವ ಸೇವೆ ಎಂದು ಸೂಚಿಸುವ ಸಂಖ್ಯೆ. ಅದು ಒಂದೇ ಆಗಿದ್ದರೂ ವ್ಯತ್ಯಾಸಕ್ಕೆ ಕಾರಣ ಸಮಯ. ಪುಣೆಯ ಹಿಂಜವಡಿಯಲ್ಲಿ ಬಿಲ್ ಕೋಡಿಂಗ್ ಮಾಡುವ ನೀವೂ ನಿಮ್ಮ ಕನ್ನಡಿಗ ಸಹೋದ್ಯೋಗಿಗಳೂ ನೋಡುತ್ತಿರುವ ಅಮೆರಿಕದ ಬಿಲ್‌ಗಳಲ್ಲಿ ಶಸ್ತ್ರಚಿಕಿತ್ಸಕರಿಗೆ ಸಾಮಾನ್ಯವಾಗಿ ಇಡೀ ಕೆಲಸಕ್ಕೆ ಒಂದು ದರ. ಅರಿವಳಿಕೆಗೆ ಹಾಗಲ್ಲ: ಮೂಲ ಯೂನಿಟ್‌ಗೆ ಸಮಯದ ಯೂನಿಟ್ ಕೂಡಿಸಿ, ಬಂದ ಮೊತ್ತವನ್ನು ಒಂದು ಯೂನಿಟ್‌ನ ದರದಿಂದ ಗುಣಿಸುತ್ತಾರೆ. ಮೂಲ ಯೂನಿಟ್ ಎಂದರೆ ಆ ಕೆಲಸ ಎಷ್ಟು ಕಷ್ಟ ಎಂಬುದರ ಅಳತೆ. ಲ್ಯಾಪರೊಸ್ಕೋಪಿಯಿಂದ ಪಿತ್ತಕೋಶ ತೆಗೆಯುವಾಗ ಬಳಸುವ 00790 ಕೋಡ್‌ಗೆ ಅದು 7. ಅಮೆರಿಕ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ 15 ನಿಮಿಷಕ್ಕೆ ಒಂದು ಸಮಯ ಯೂನಿಟ್. ಹಾಗಾಗಿ 60 ನಿಮಿಷವಾದರೆ ಒಟ್ಟು 11, 90 ನಿಮಿಷವಾದರೆ 13.

ನಿಜವಾಗಿ ಎಚ್ಚರ ಬೇಕಾದದ್ದು ಗಡಿಯಾರದ ವಿಷಯದಲ್ಲಿ. ಎಣಿಕೆ ಶುರುವಾಗುವುದು ಮೊದಲ ಕೊಯ್ತದಿಂದಲ್ಲ, ಅರಿವಳಿಕೆ ವೈದ್ಯರು ರೋಗಿಯನ್ನು ಅರಿವಳಿಕೆಗೆ ಸಜ್ಜುಗೊಳಿಸತೊಡಗಿದಾಗ. ಮುಗಿಯುವುದು ರೋಗಿಯನ್ನು ಚೇತರಿಕೆ ಕೊಠಡಿಯ ಸಿಬ್ಬಂದಿಗೆ ಸುರಕ್ಷಿತವಾಗಿ ಒಪ್ಪಿಸಿದಾಗ. ದಯವಿಟ್ಟು ಶಸ್ತ್ರಚಿಕಿತ್ಸೆಯ ಸಮಯವನ್ನೇ ಇಲ್ಲಿ ನಕಲು ಮಾಡಬೇಡಿ, ಒಬ್ಬ ವೈದ್ಯರು ರೋಗಿಯ ಪಕ್ಕದಲ್ಲಿ ನಿಂತು ದುಡಿದ ನಿಮಿಷಗಳು ಅಳಿಸಿಹೋಗುತ್ತವೆ.

ಚಿಕಿತ್ಸೆ ಮಾಡುವ ವೈದ್ಯರೇ ಮಧ್ಯಮ ಪ್ರಮಾಣದ ಮಂಪರಿನ ಔಷಧ ಕೊಟ್ಟಿದ್ದರೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆಯೇ ಕೋಡ್‌ಗಳಿವೆ.