'ಪೆಟ್ರಾದ ಪತನ' ಲೇಖನದ ಬಗ್ಗೆ: ಲೇಖಕರಿಗೆ ಉತ್ತರ

ಪ್ರಿಯರೇ,

ಇಂದಿನ ಜೋರ್ಡನ್ನಿನ ಪೆಟ್ರಾ ನಗರ ಮತ್ತು ರೋಮನ್ನರ ಅರೇಬಿಯಾ ಪ್ರಾಂತ್ಯದ ಬಗ್ಗೆ ನೀವು ಕಳಿಸಿದ 'ಪೆಟ್ರಾದ ಪತನ' ಓದಿದೆವು. ನಿಮ್ಮ ಭಾಷೆ ಓದಿಸಿಕೊಂಡು ಹೋಗುತ್ತದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಕ್ರಿ.ಶ. 106ರಲ್ಲಿ ರೋಮನ್ ಚಕ್ರವರ್ತಿ ಟ್ರಾಜನ್, ಪೆಟ್ರಾ ರಾಜಧಾನಿಯಾಗಿದ್ದ ನಬಾಟಿಯನ್ ರಾಜ್ಯವನ್ನು ಸಾಮ್ರಾಜ್ಯಕ್ಕೆ ಸೇರಿಸಿಕೊಂಡ, ಅಲ್ಲಿಗೆ ಪೆಟ್ರಾದ ಕಥೆ ಮುಗಿಯಿತು ಎನ್ನುವುದು ನಿಮ್ಮ ವಾದ. ಮೊದಲರ್ಧ ನಿಜ, ಉಳಿದರ್ಧ ನಿಲ್ಲುವುದಿಲ್ಲ. 114ರ ಶಾಸನವೊಂದು ಪೆಟ್ರಾವನ್ನು ಮಹಾನಗರವೆಂದು ಹೆಸರಿಸುತ್ತದೆ. ಪ್ರಾಂತ್ಯಾಧಿಪತಿ ಸೆಕ್ಸ್ಟಿಯಸ್ ಫ್ಲೊರೆಂಟಿನಸ್‌ನ ಸಮಾಧಿಯನ್ನು ಅಲ್ಲಿನ ಬಂಡೆಯಲ್ಲೇ ಕೊರೆದಿದ್ದಾರೆ. 1993ರಲ್ಲಿ ಅಲ್ಲಿನ ಚರ್ಚೊಂದರ ಅವಶೇಷದಲ್ಲಿ ಸಿಕ್ಕ, ಬೆಂಕಿಗೆ ಕರಕಲಾದ ಸುಮಾರು 140 ಪಪೈರಸ್ ಸುರುಳಿಗಳು ಆರನೆಯ ಶತಮಾನದವು. ಪಾಳುಬಿದ್ದ ಊರಿನಲ್ಲಿ ಆಸ್ತಿ, ತೆರಿಗೆಗಳ ಪತ್ರ ಯಾರು ಬರೆಸುತ್ತಾರೆ?

ಯುದ್ಧದ ವರ್ಣನೆಯ ಮೂರು ಪ್ಯಾರಾಗಳನ್ನು ಪೂರ್ತಿ ತೆಗೆಯಿರಿ. ಈ ಸೇರ್ಪಡೆಯ ಬಗ್ಗೆ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಹೇಳುವುದು ಹೆಚ್ಚುಕಡಿಮೆ ಒಂದೇ ವಾಕ್ಯ: ಸಿರಿಯಾದ ಅಧಿಪತಿ ಪಾಲ್ಮಾ ಪೆಟ್ರಾದ ಸುತ್ತಲಿನ ಅರೇಬಿಯಾವನ್ನು ರೋಮಿಗೆ ಅಧೀನಗೊಳಿಸಿದ. ನಿಮ್ಮ ಕತ್ತಿ, ಧೂಳು, ಆರ್ತನಾದಗಳಿಗೆ ಇದರಲ್ಲಿ ಆಧಾರವಿಲ್ಲ. ಅದರ ಬದಲು ನಾಣ್ಯಗಳನ್ನು ನೋಡಿ. ಯೆಹೂದಿಗಳ ನಾಡಾದ ಜುದೇಯದ ದಂಗೆ ಅಡಗಿಸಿದ ಮೇಲಿನ ನಾಣ್ಯದಲ್ಲಿ ಅಳುತ್ತಾ ಕುಳಿತ ಹೆಂಗಸಿದ್ದಾಳೆ. ಟ್ರಾಜನ್‌ನ ನಾಣ್ಯದಲ್ಲಿ ಅರೇಬಿಯಾ ಹೆಣ್ಣಿನ ರೂಪದಲ್ಲಿ ನೆಟ್ಟಗೆ ನಿಂತಿದ್ದಾಳೆ, ಪಕ್ಕದಲ್ಲಿ ಒಂಟೆ. ಇದೂ ಸರಕಾರಿ ಪ್ರಚಾರವೇ, ನಿಜ. ಆದರೆ ರೋಮ್ ಆ ಘಟನೆಯನ್ನು ಹೇಗೆ ತೋರಿಸಬಯಸಿತು ಎಂಬುದಕ್ಕೆ ಗಟ್ಟಿ ಸಾಕ್ಷಿ.

ನೀವು ಕೊನೆಯ ಪುಟದಲ್ಲಿ ಎರಡೇ ಸಾಲಿಗೆ ಮುಗಿಸಿರುವ ಬಾಬಥಾ ಈ ಲೇಖನದ ಮೊದಲ ಪುಟಕ್ಕೆ ಬರಬೇಕು. ಮೃತ ಸಮುದ್ರದ ಬಳಿಯ ಗುಹೆಯಲ್ಲಿ 1961ರಲ್ಲಿ ಸಿಕ್ಕ ಅವಳ ಕಾಗದಪತ್ರಗಳಲ್ಲಿ ಪ್ರಾಂತ್ಯದ ಆಡಳಿತ ಕೆಲಸ ಮಾಡುವುದು ಕಣ್ಣಿಗೆ ಕಾಣುತ್ತದೆ. 127ರ ಗಣತಿಗಾಗಿ ಈ ಯೆಹೂದಿ ಹೆಂಗಸು ರಬ್ಬಾತ್ ಪಟ್ಟಣಕ್ಕೆ ಹೋಗಿ ತನ್ನ ಖರ್ಜೂರದ ತೋಟಗಳನ್ನು ಬರೆಸುತ್ತಾಳೆ. ತೋಟದ ವಿಸ್ತಾರವನ್ನು ಹೇಳಿರುವುದು ಎಷ್ಟು ಬಾರ್ಲಿ ಬಿತ್ತಬಹುದು ಎಂಬ ಲೆಕ್ಕದಲ್ಲಿ. ನಮ್ಮಲ್ಲಿ ಇಷ್ಟು ಖಂಡುಗ ಬೀಜವರಿ ಗದ್ದೆ ಎನ್ನುತ್ತಿದ್ದ ಹಾಗೆಯೇ. ತೆರಿಗೆಯ ಒಂದು ಭಾಗ ಖರ್ಜೂರದಲ್ಲೇ ಸಲ್ಲಬೇಕು. ಪ್ರಮಾಣ ಮಾಡುವುದು ಸೀಸರನ ಭಾಗ್ಯದೇವತೆಯ ಹೆಸರಿನಲ್ಲಿ. ಇನ್ನೊಂದೆಡೆ, ತಂದೆಯಿಲ್ಲದ ಮಗನಿಗೆ ಪಾಲಕರು ತಿಂಗಳಿಗೆ ಕೊಡುವ ಎರಡು ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಸಾಲದೆಂದು ರೋಮನ್ ಅಧಿಪತಿಯ ಮುಂದೆ ದಾವೆಗೆ ಇಳಿಯುತ್ತಾಳೆ. ಹೊಸ ಆಳ್ವಿಕೆ ಬಂದು ಇನ್ನೂ ಇಪ್ಪತ್ತು ವರ್ಷವಾಗಿತ್ತಷ್ಟೇ. ಅಷ್ಟರಲ್ಲಿ ಹಳ್ಳಿಯ ಹೆಂಗಸೊಬ್ಬಳು ಅದರ ನ್ಯಾಯಾಲಯವನ್ನು ಬಳಸಲು ಕಲಿತಿದ್ದಳು. ನಿಮ್ಮ ಇಡೀ ಲೇಖನದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ.

ಗಣತಿಯನ್ನು ನೀವು 128ಕ್ಕೆ ಹಾಕಿದ್ದೀರಿ. ಬಾಬಥಾಳ ಪತ್ರದಲ್ಲಿರುವುದು ಪ್ರಾಂತ್ಯ ಆದಾಗಿನಿಂದ ಎಣಿಸುವ ಶಕೆಯ 22ನೆಯ ವರ್ಷ. ಅದಕ್ಕೆ ನೇರವಾಗಿ 106 ಕೂಡಿಸಿದ್ದರಿಂದ ಒಂದು ವರ್ಷ ಹೆಚ್ಚಾಗಿದೆ. ಈ ಶಕೆಯ ಮೊದಲ ವರ್ಷ ಶುರುವಾಗುವುದು 106ರ ಮಾರ್ಚ್ 22ರಂದು, ಹಾಗಾಗಿ ಕೂಡಿಸಬೇಕಾದದ್ದು 105. ತಾರೀಖು ಜನವರಿ 1ರಿಂದ ಮಾರ್ಚ್ 21ರ ನಡುವೆ ಬಂದರೆ ಮಾತ್ರ 106. ತಿಂಗಳು ತಿಳಿಯದಿದ್ದರೆ 127/128 ಎಂದು ಎರಡನ್ನೂ ಕೊಡಿ. ಬಾಬಥಾಳ ಪತ್ರ ಡಿಸೆಂಬರಿನದು, ಆದ್ದರಿಂದ 127 ಖಚಿತ.

ನಕ್ಷೆ ಇನ್ನೊಂದು ತೊಂದರೆ. ಅಕಾಬಾದಲ್ಲಿ ಮುಗಿಯುವ ದಪ್ಪ ಗೆರೆಯನ್ನು ಗಡಿಯೆಂದು ಎಳೆದಿದ್ದೀರಿ. ಅದು ಗಡಿಯಲ್ಲ, ಟ್ರಾಜನ್ ಇಂದಿನ ಸಿರಿಯಾದಲ್ಲಿರುವ ಬೊಸ್ಟ್ರಾದಿಂದ ಕೆಂಪು ಸಮುದ್ರದವರೆಗೆ ಹಾಕಿಸಿದ ರಸ್ತೆ. ಅದರಾಚೆ, ಇಂದಿನ ಸೌದಿ ಅರೇಬಿಯಾದ ಹೆಗ್ರಾದಲ್ಲಿ, ಎರಡನೆಯ ಶತಮಾನದ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಕಾಲದ ಲ್ಯಾಟಿನ್ ಶಾಸನ ಸಿಕ್ಕಿದೆ. ಊರಗೋಡೆ ದುರಸ್ತಿಯ ಆ ಬರಹದಲ್ಲಿ ಅಲ್ಲಿನ ಮುಖಂಡನ ಜೊತೆ ಮೂರನೆಯ ಸಿರೆನೈಕಾ ಲೀಜನ್ ಎಂಬ ರೋಮನ್ ಸೇನಾದಳದ ಅಧಿಕಾರಿಗಳ ಹೆಸರಿದೆ. ಆ ಕಾಲಕ್ಕೆ ಗೆರೆ ಎಳೆಯುವ ಬದಲು ರಸ್ತೆ, ನೀರಿನ ತಾಣ, ಸೈನ್ಯವಿದ್ದ ಊರುಗಳನ್ನು ಗುರುತಿಸಿ. ಸುಮಾರು 300ರ ಹೊತ್ತಿಗೆ ಪೆಟ್ರಾ ಸೇರಿ ದಕ್ಷಿಣ ಭಾಗ ಪ್ಯಾಲೆಸ್ಟೈನ್ ಪ್ರಾಂತ್ಯಕ್ಕೆ ಹೋದದ್ದರಿಂದ ಇನ್ನೊಂದು ನಕ್ಷೆ ಬೇಕೇ ಬೇಕು.

ತಿದ್ದುವಾಗ ಶೀರ್ಷಿಕೆಯನ್ನೂ ಬದಲಿಸಿ, ಪ್ರತಿ ಇಸವಿಯ ಪಕ್ಕದಲ್ಲಿ ಅದು ಶಾಸನದಿಂದಲೋ, ಪಪೈರಸ್‌ನಿಂದಲೋ, ನಾಣ್ಯದಿಂದಲೋ ಬಂದದ್ದೆಂದು ಬರೆದು ಕಳಿಸಿ. ಕಾಯುತ್ತಿರುತ್ತೇವೆ.

ಸಂಪಾದಕರು